ಹಳೆಯ ಕಂಪ್ಯೂಟರಿಗೆ ಬ್ರೌಸರಿನ ಬೆಂಬಲ ನಿಂತಾಗ ಅನುಸರಿಸಬೇಕಾದ ಕ್ರಮಗಳು

ಪಹಣಿ ನೋಡುವುದು, ಮಾರುಕಟ್ಟೆ ಧಾರಣೆ ತಿಳಿಯುವುದು, ಬೆಳೆ ವಿಮೆಗೆ ಅರ್ಜಿ ಸಲ್ಲಿಸುವುದು, ಬ್ಯಾಂಕಿನ ಖಾತೆ ಪರಿಶೀಲಿಸುವುದು ಮೊದಲಾದ ಕೆಲಸಗಳು ಇಂದು ಬಹುಮಟ್ಟಿಗೆ ಕಂಪ್ಯೂಟರ್ ಅಥವಾ ಮೊಬೈಲ್ ಫೋನಿನ ಮೂಲಕ ನಡೆಯುತ್ತಿವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಬ್ರೌಸರ್ ಎಂಬ ತಂತ್ರಾಂಶವೇ ಬಾಗಿಲು. ಎಂಟು ಹತ್ತು ವರ್ಷ ಚೆನ್ನಾಗಿ ದುಡಿದ ಕಂಪ್ಯೂಟರಿನ ಪರದೆಯ ಮೇಲೆ ಒಂದು ದಿನ, ಇನ್ನು ಮುಂದೆ ಈ ಯಂತ್ರಕ್ಕೆ ಬ್ರೌಸರಿನ ಹೊಸ ಆವೃತ್ತಿ ದೊರೆಯುವುದಿಲ್ಲ ಎಂಬ ಸೂಚನೆ ಕಾಣಿಸಿಕೊಳ್ಳುತ್ತದೆ. ಯಂತ್ರ ಕೆಟ್ಟಿರುವುದಿಲ್ಲ, ಪ್ರಿಂಟರ್ ಕೂಡ ಎಂದಿನಂತೆ ನಡೆಯುತ್ತಿರುತ್ತದೆ. ಆದುದರಿಂದ ಅನೇಕರು ಸೂಚನೆಯನ್ನು ಮುಚ್ಚಿ ಕೆಲಸ ಮುಂದುವರಿಸುತ್ತಾರೆ. ಕೆಲವರು ಗಾಬರಿಯಿಂದ ಯಂತ್ರವನ್ನೇ ಗುಜರಿಗೆ ಹಾಕುತ್ತಾರೆ. ಇವೆರಡೂ ಸರಿಯಾದ ಕ್ರಮಗಳಲ್ಲ. ಮೊದಲನೆಯದರಿಂದ ಖಾತೆಯ ಹಣಕ್ಕೆ ಅಪಾಯ. ಎರಡನೆಯದರಿಂದ ಅನಗತ್ಯ ಖರ್ಚು.

ಬೆಂಬಲ ಎಂದರೇನು?

ಕಂಪ್ಯೂಟರಿನ ಎಲ್ಲ ಭಾಗಗಳನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ವಿಂಡೋಸ್, ಲಿನಕ್ಸ್ ಹಾಗೂ ಮೊಬೈಲಿನ ಆಂಡ್ರಾಯ್ಡ್ ಈ ಗುಂಪಿಗೆ ಸೇರಿದವು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವು ಅದರ ಮೇಲೆ ನಡೆಯುವ ಬ್ರೌಸರುಗಳು. ತಂತ್ರಾಂಶದಲ್ಲಿ ದೋಷ ಕಂಡುಬಂದಾಗ ತಯಾರಕರು ಅದನ್ನು ಸರಿಪಡಿಸಿ, ತಿದ್ದುಪಡಿಯನ್ನು ಅಂತರ್ಜಾಲದ ಮೂಲಕ ಎಲ್ಲ ಯಂತ್ರಗಳಿಗೂ ಕಳುಹಿಸುತ್ತಾರೆ. ಇದನ್ನೇ ಬೆಂಬಲ ಎನ್ನಲಾಗುತ್ತದೆ. ಬೆಂಬಲ ನಿಂತಿತು ಎಂದರೆ ತಂತ್ರಾಂಶ ಅಂದೇ ಕೆಲಸ ನಿಲ್ಲಿಸಿತು ಎಂದಲ್ಲ. ಅಂದಿನಿಂದ ಅದಕ್ಕೆ ತಿದ್ದುಪಡಿ ಬರುವುದಿಲ್ಲ ಎಂದರ್ಥ.

ತಯಾರಕರು ಬೆಂಬಲ ನಿಲ್ಲಿಸಲು ಕಾರಣಗಳು

1. ಬ್ರೌಸರಿನ ಪ್ರತಿ ಹೊಸ ಆವೃತ್ತಿಯನ್ನೂ ಪ್ರತಿಯೊಂದು ಆಪರೇಟಿಂಗ್ ಸಿಸ್ಟಮ್ ಮೇಲೆ ನಡೆಸಿ ಪರೀಕ್ಷಿಸಬೇಕಾಗುತ್ತದೆ. ಬಳಕೆದಾರರು ಕಡಿಮೆಯಾದಂತೆ ಈ ಶ್ರಮ ಮತ್ತು ವೆಚ್ಚ ತಯಾರಕರಿಗೆ ದುಬಾರಿಯಾಗುತ್ತದೆ.

2. ಬ್ರೌಸರ್ ಅನೇಕ ಕೆಲಸಗಳಿಗೆ ಆಪರೇಟಿಂಗ್ ಸಿಸ್ಟಮ್ ಅನ್ನು ಅವಲಂಬಿಸಿದೆ. ಹೊಸ ರಕ್ಷಣಾ ಸೌಲಭ್ಯಗಳು ಹಳೆಯ ವ್ಯವಸ್ಥೆಯಲ್ಲಿ ಇರುವುದಿಲ್ಲ.

3. ಆಪರೇಟಿಂಗ್ ಸಿಸ್ಟಮ್‌ಗೇ ತಿದ್ದುಪಡಿ ನಿಂತಿರುವಾಗ, ಅದರ ಮೇಲೆ ಕುಳಿತ ಬ್ರೌಸರನ್ನು ಎಷ್ಟೇ ಭದ್ರಪಡಿಸಿದರೂ ಕೆಳಗಿನ ಬಿರುಕು ಹಾಗೆಯೇ ಉಳಿಯುತ್ತದೆ.

ಎಡ್ಜ್, ಒಪೆರಾ ಮೊದಲಾದ ಬ್ರೌಸರುಗಳು ಕ್ರೋಮ್‌ಗೆ ಆಧಾರವಾದ ಕ್ರೋಮಿಯಂ ತಂತ್ರಾಂಶವನ್ನೇ ಆಧರಿಸಿವೆ. ಆದಕಾರಣ ಕ್ರೋಮ್ ನಿಂತ ಯಂತ್ರದಲ್ಲಿ ಇವು ಕೂಡ ಬೇಗನೆ ನಿಲ್ಲುತ್ತವೆ. ಒಂದು ಹೋದರೆ ಇನ್ನೊಂದು ಎಂಬ ಉಪಾಯ ಹೆಚ್ಚು ಕಾಲ ನಡೆಯುವುದಿಲ್ಲ.

ಇದುವರೆಗಿನ ನಿದರ್ಶನಗಳು

ಕೋಷ್ಟಕ 1: ಕಂಪ್ಯೂಟರುಗಳು

ವಿಂಡೋಸ್ ಎಕ್ಸ್‌ಪಿ: ಮೈಕ್ರೋಸಾಫ್ಟಿನ ಬೆಂಬಲ ಮುಗಿದದ್ದು 8 ಏಪ್ರಿಲ್ 2014. ಕೊನೆಯ ಕ್ರೋಮ್ ಆವೃತ್ತಿ 49 (2016). ಫೈರ್‌ಫಾಕ್ಸ್ ತಿದ್ದುಪಡಿ ನಿಂತದ್ದು 2018.
ವಿಂಡೋಸ್ 7: ಸಾಮಾನ್ಯ ಬೆಂಬಲ ಮುಗಿದದ್ದು 14 ಜನವರಿ 2020. ಹಣ ತೆತ್ತ ಸಂಸ್ಥೆಗಳಿಗೆ ಮುಗಿದದ್ದು 10 ಜನವರಿ 2023. ಕೊನೆಯ ಕ್ರೋಮ್ ಆವೃತ್ತಿ 109 (2023).
ವಿಂಡೋಸ್ 8.1: ಬೆಂಬಲ ಮುಗಿದದ್ದು 10 ಜನವರಿ 2023. ಕೊನೆಯ ಕ್ರೋಮ್ ಆವೃತ್ತಿ 109 (2023).
ವಿಂಡೋಸ್ 10: ಸಾಮಾನ್ಯ ಬೆಂಬಲ ಮುಗಿದದ್ದು 14 ಅಕ್ಟೋಬರ್ 2025.

ಕೋಷ್ಟಕ 2: ಮೊಬೈಲ್ ಫೋನುಗಳು (ಕೊನೆಯ ಕ್ರೋಮ್ ಆವೃತ್ತಿ)

ಆಂಡ್ರಾಯ್ಡ್ 5: ಆವೃತ್ತಿ 95
ಆಂಡ್ರಾಯ್ಡ್ 6: ಆವೃತ್ತಿ 106
ಆಂಡ್ರಾಯ್ಡ್ 7: ಆವೃತ್ತಿ 119
ಆಂಡ್ರಾಯ್ಡ್ 8 ಮತ್ತು 9: ಆವೃತ್ತಿ 138 (2025)

ಮೊದಲನೆಯ ಕೋಷ್ಟಕದಿಂದ ಒಂದು ಮುಖ್ಯ ಅಂಶ ತಿಳಿಯುತ್ತದೆ. ಎಕ್ಸ್‌ಪಿಯಲ್ಲಿ ಕ್ರೋಮ್ ನಿಂತದ್ದು ಆಪರೇಟಿಂಗ್ ಸಿಸ್ಟಮ್‌ನ ಬೆಂಬಲ ಮುಗಿದ ಎರಡು ವರ್ಷಗಳ ನಂತರ. ವಿಂಡೋಸ್ 7ರಲ್ಲಿ ಸುಮಾರು ಮೂರು ವರ್ಷಗಳ ನಂತರ. ಅಂದರೆ ಬ್ರೌಸರಿನ ಸೂಚನೆ ಮೊದಲ ಗಂಟೆಯಲ್ಲ, ಎರಡನೆಯ ಗಂಟೆ. ಮೊದಲ ಗಂಟೆ ಬಹಳ ಹಿಂದೆಯೇ ಹೊಡೆದಿರುತ್ತದೆ. ಬ್ರೌಸರ್ ನಡೆಯುತ್ತಿದ್ದುದರಿಂದ ಅದು ಯಾರ ಕಿವಿಗೂ ಬಿದ್ದಿರುವುದಿಲ್ಲ. ವಿಂಡೋಸ್ 7 ಮತ್ತು 8.1ಕ್ಕೆ ಫೈರ್‌ಫಾಕ್ಸ್ 115ನೆಯ ಆವೃತ್ತಿಯ ತಿದ್ದುಪಡಿಗಳ ಗಡುವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಲಾಯಿತು. ಇದು ಬಳಕೆದಾರರಿಗೆ ಅನುಕೂಲವೇ ಆಯಿತು. ಆದರೆ ಅದರಿಂದ ವಿಂಡೋಸ್ 7ರ ಸ್ವಂತ ದೋಷಗಳು ಮುಚ್ಚಲಿಲ್ಲ.

ಬೆಂಬಲ ನಿಂತ ನಂತರದ ತೊಂದರೆಗಳು

ಅ) ರಕ್ಷಣೆಯ ಕೊರತೆ: ಬೆಂಕಿ ರೋಗಕ್ಕೆ ನಿರೋಧಕವೆನಿಸಿದ ಭತ್ತದ ತಳಿ ಕೆಲವು ವರ್ಷಗಳಲ್ಲಿ ಅದೇ ರೋಗಕ್ಕೆ ತುತ್ತಾಗುವುದುಂಟು. ತಳಿ ಬದಲಾಗಿರುವುದಿಲ್ಲ, ರೋಗ ತರುವ ಶಿಲೀಂಧ್ರ ಬದಲಾಗಿರುತ್ತದೆ. ಹಳೆಯ ಬ್ರೌಸರಿನ ಸ್ಥಿತಿಯೂ ಇದೇ. ಇಲ್ಲಿ ಇನ್ನೊಂದು ತೊಡಕೂ ಇದೆ. ಹೊಸ ಆವೃತ್ತಿಯಲ್ಲಿ ಒಂದು ದೋಷವನ್ನು ಸರಿಪಡಿಸಿದಾಗ, ಆ ತಿದ್ದುಪಡಿಯನ್ನು ನೋಡಿಯೇ ಹಳೆಯ ಆವೃತ್ತಿಯಲ್ಲಿ ಬಿರುಕು ಎಲ್ಲಿದೆ ಎಂಬುದನ್ನು ಕಳ್ಳರು ಪತ್ತೆ ಹಚ್ಚಬಲ್ಲರು. ಹೀಗಾಗಿ ಕಾಲ ಕಳೆದಂತೆ ಅಪಾಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆ) ಪುಟಗಳು ತೆರೆಯದಿರುವುದು: ಜಾಲತಾಣಗಳನ್ನು ಹೊಸ ಬ್ರೌಸರುಗಳಿಗೆ ಹೊಂದುವಂತೆ ರಚಿಸಲಾಗುತ್ತದೆ. ಹಳೆಯ ಬ್ರೌಸರಿನಲ್ಲಿ ಪುಟ ಬರಿದಾಗಿ ಕಾಣಬಹುದು, ಗುಂಡಿ ಒತ್ತಿದರೂ ಕೆಲಸ ಮಾಡದಿರಬಹುದು, ಅರ್ಜಿ ಅರ್ಧಕ್ಕೇ ನಿಲ್ಲಬಹುದು. ಅರ್ಜಿಯ ಕೊನೆಯ ದಿನ ಹೀಗಾದರೆ ರೈತನಿಗೆ ನಷ್ಟ ತಪ್ಪದು.

ಇ) ಭದ್ರ ಸಂಪರ್ಕ ಏರ್ಪಡದಿರುವುದು: ಬ್ಯಾಂಕ್ ಹಾಗೂ ಸರ್ಕಾರಿ ತಾಣಗಳೊಡನೆ ನಡೆಯುವ ಮಾಹಿತಿ ವಿನಿಮಯವನ್ನು ಟಿ.ಎಲ್.ಎಸ್. ಎಂಬ ಗೂಢಲಿಪಿ ಕ್ರಮ ಕಾಪಾಡುತ್ತದೆ. ಇದರ 1.0 ಮತ್ತು 1.1ನೆಯ ಕ್ರಮಗಳನ್ನು ಪ್ರಮುಖ ಬ್ರೌಸರುಗಳು 2020ರಲ್ಲಿ ಕೈಬಿಡತೊಡಗಿದವು. ತಾಣದ ನಿಜತ್ವವನ್ನು ದೃಢಪಡಿಸುವ ಮೂಲ ಪ್ರಮಾಣಪತ್ರಗಳಿಗೂ ಅವಧಿ ಇರುತ್ತದೆ. 30 ಸೆಪ್ಟೆಂಬರ್ 2021ರಂದು ಇಂಥ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಹೊಸ ಪ್ರಮಾಣಪತ್ರ ತಲುಪದಿದ್ದ ಕೆಲವು ಹಳೆಯ ಯಂತ್ರಗಳಲ್ಲಿ ಅನೇಕ ತಾಣಗಳು ತೆರೆಯದಾದವು.

ಮೊದಲು ಗಡಿಯಾರ ಪರೀಕ್ಷಿಸಿ

ಭದ್ರತೆಯ ಎಚ್ಚರಿಕೆ ಕಂಡ ಕೂಡಲೇ ಬ್ರೌಸರನ್ನು ದೂರಬಾರದು. ಕಂಪ್ಯೂಟರಿನ ದಿನಾಂಕ ತಪ್ಪಾಗಿದ್ದರೂ ಇದೇ ತೊಂದರೆ ಬರುತ್ತದೆ. ಏಕೆಂದರೆ ಯಂತ್ರದ ಲೆಕ್ಕದಲ್ಲಿ ಪ್ರಮಾಣಪತ್ರದ ಅವಧಿ ಇನ್ನೂ ಆರಂಭವೇ ಆಗಿರುವುದಿಲ್ಲ. ಹಳೆಯ ಕಂಪ್ಯೂಟರುಗಳ ಒಳಗೆ ಗಡಿಯಾರ ನಡೆಸುವ ನಾಣ್ಯದಾಕಾರದ ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಇದು ಸಿ.ಆರ್. 2032 ಎಂಬ ಗುರುತಿನದು. ಇದು ಮುಗಿದಾಗ ಪ್ರತಿ ಬಾರಿ ವಿದ್ಯುತ್ ನಿಲ್ಲಿಸಿದೊಡನೆ ದಿನಾಂಕ ಹಿಂದಕ್ಕೆ ಹೋಗುತ್ತದೆ. ಅಲ್ಪ ಖರ್ಚಿನಲ್ಲಿ ಇದನ್ನು ಬದಲಾಯಿಸಿ ದಿನಾಂಕ ಸರಿಪಡಿಸಿದರೆ ಎಷ್ಟೋ ಸಲ ತೊಂದರೆ ನಿವಾರಣೆಯಾಗುತ್ತದೆ.

ದಿನಾಂಕ ಸರಿಯಿದ್ದರೆ ಆಪರೇಟಿಂಗ್ ಸಿಸ್ಟಮ್ ಯಾವುದೆಂದು ನೋಡಬೇಕು. ವಿಂಡೋಸಿನಲ್ಲಿ ಕಂಪ್ಯೂಟರ್ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ಆರಿಸಿದರೆ ಅದರ ಹೆಸರು, ರ‍್ಯಾಮ್ ಎಷ್ಟಿದೆ ಹಾಗೂ ವ್ಯವಸ್ಥೆ 32 ಬಿಟ್‌ನದೋ 64 ಬಿಟ್‌ನದೋ ಎಂಬುದು ತಿಳಿಯುತ್ತದೆ. ಫೋನಿನಲ್ಲಿ ಸೆಟ್ಟಿಂಗ್ಸ್ ಒಳಗಿನ ಅಬೌಟ್ ಫೋನ್ ಭಾಗದಲ್ಲಿ ಆಂಡ್ರಾಯ್ಡ್ ಆವೃತ್ತಿಯನ್ನು ಕಾಣಬಹುದು.

ಕೈಗೊಳ್ಳಬೇಕಾದ ಕ್ರಮಗಳು

1. ಕೆಲಸಗಳ ವಿಂಗಡಣೆ: ಯಂತ್ರದಲ್ಲಿ ನಡೆಯುವ ಕೆಲಸಗಳನ್ನು ಎರಡು ಭಾಗ ಮಾಡಿಕೊಳ್ಳಬೇಕು. ಪಾಸ್‌ವರ್ಡ್, ಒ.ಟಿ.ಪಿ., ಆಧಾರ್ ಅಥವಾ ಹಣಕ್ಕೆ ಸಂಬಂಧಿಸಿದವು ಒಂದು ಭಾಗ. ಪತ್ರ ಬರೆಯುವುದು, ಲೆಕ್ಕಪತ್ರ ಇಡುವುದು, ಮುದ್ರಿಸುವುದು ಇನ್ನೊಂದು ಭಾಗ. ಮೊದಲ ಭಾಗದ ಕೆಲಸಗಳನ್ನು ಬೆಂಬಲ ನಿಂತ ಯಂತ್ರದಲ್ಲಿ ಅಂದಿನಿಂದಲೇ ನಿಲ್ಲಿಸಬೇಕು. ಬೇರೆ ಯಂತ್ರದಿಂದ ಪಾಸ್‌ವರ್ಡ್‌ಗಳನ್ನು ಬದಲಾಯಿಸಿ, ಹಳೆಯ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಅಳಿಸಬೇಕು.

2. ಕಡತಗಳ ಪ್ರತಿ: ಯಾವುದೇ ಬದಲಾವಣೆಗೆ ಮುನ್ನ ಎಲ್ಲ ಕಡತಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಸಹಕಾರ ಸಂಘ, ಶಾಲೆ ಮೊದಲಾದ ಕಡೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬರೆದ ಕಡತಗಳಿದ್ದರೆ, ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಡುವುದು ಒಳ್ಳೆಯದು. ಇಲ್ಲವಾದರೆ ಹೊಸ ಯಂತ್ರದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣಬಹುದು.

3. ವಿಂಡೋಸ್ 10 ಇರುವ ಯಂತ್ರಗಳು: ಮನೆಬಳಕೆದಾರರಿಗೆ 13 ಅಕ್ಟೋಬರ್ 2026ರವರೆಗೆ ವಿಸ್ತರಿತ ಭದ್ರತಾ ತಿದ್ದುಪಡಿಗಳ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು, ಆದರೆ ಇದಕ್ಕೆ ನೋಂದಣಿ ಅಗತ್ಯ. ಎಡ್ಜ್ ಬ್ರೌಸರಿಗೆ ಕನಿಷ್ಠ 2028ರ ಅಕ್ಟೋಬರ್‌ವರೆಗೆ ತಿದ್ದುಪಡಿ ನೀಡುವುದಾಗಿಯೂ ಅದು ತಿಳಿಸಿದೆ. ಬ್ರೌಸರಿಗೆ ತಿದ್ದುಪಡಿ ಬರುತ್ತಿದೆ ಎಂಬ ಕಾರಣದಿಂದ ಯಂತ್ರವೂ ಸುರಕ್ಷಿತ ಎಂದು ಭಾವಿಸಬಾರದು.

4. ಲಿನಕ್ಸ್ ಅಳವಡಿಕೆ: 64 ಬಿಟ್‌ನ, ಕನಿಷ್ಠ 2 ಜಿ.ಬಿ. ರ‍್ಯಾಮ್ ಇರುವ ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನಂಥ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಬಹುದು. 4 ಜಿ.ಬಿ. ಇದ್ದರೆ ಕೆಲಸ ಸಲೀಸು. ಇದನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ, ಒಪ್ಪಿಗೆಯಾದರೆ ಮಾತ್ರ ಅಳವಡಿಸಬಹುದು. ಇದರಲ್ಲಿ ಹೊಸ ಬ್ರೌಸರ್ ದೊರೆಯುತ್ತದೆ. ಯೂನಿಕೋಡ್ ಕನ್ನಡವನ್ನೂ ಬರೆಯಬಹುದು. ಆದರೆ ಪ್ರಿಂಟರ್, ಬೆರಳಚ್ಚು ಯಂತ್ರ ಹಾಗೂ ಡಿಜಿಟಲ್ ಸಹಿಯ ಟೋಕನ್ ಕೆಲಸ ಮಾಡುತ್ತವೆಯೇ ಎಂಬುದನ್ನು ಮೊದಲೇ ಪರೀಕ್ಷಿಸಬೇಕು. ಇವುಗಳಲ್ಲಿ ಕೆಲವು ವಿಂಡೋಸಿಗಾಗಿಯೇ ತಯಾರಾದವು.

5. ಸಂಪರ್ಕ ಕಡಿತ: ಮೇಲಿನ ಯಾವುದೂ ಸಾಧ್ಯವಿಲ್ಲದಿದ್ದರೆ ಯಂತ್ರವನ್ನು ಅಂತರ್ಜಾಲದಿಂದ ಬಿಡಿಸಿ ಬರವಣಿಗೆ, ಲೆಕ್ಕ ಮತ್ತು ಮುದ್ರಣಕ್ಕೆ ಬಳಸಬಹುದು. ಪೆನ್‌ಡ್ರೈವಿನ ಮೂಲಕವೂ ವೈರಸ್ ಬರುವುದರಿಂದ ಈ ಯಂತ್ರಕ್ಕೆಂದೇ ಒಂದು ಪೆನ್‌ಡ್ರೈವ್ ಇಟ್ಟುಕೊಳ್ಳುವುದು ಲೇಸು.

ಫೋನುಗಳ ವಿಷಯದಲ್ಲಿ ಇಷ್ಟು ಅವಕಾಶಗಳಿಲ್ಲ. ಆಂಡ್ರಾಯ್ಡಿನ ಹೊಸ ಆವೃತ್ತಿ ಸಾಮಾನ್ಯವಾಗಿ ಫೋನ್ ತಯಾರಕರಿಂದಲೇ ಬರಬೇಕು. ಅದು ನಿಂತಿದ್ದರೆ ಆ ಫೋನನ್ನು ಮಾತನಾಡಲು, ಹವಾಮಾನ ಮತ್ತು ಧಾರಣೆ ನೋಡಲು ಇಟ್ಟುಕೊಂಡು, ಹಣದ ವ್ಯವಹಾರವನ್ನು ಮನೆಯ ಬೇರೊಬ್ಬರ ಹೊಸ ಫೋನಿನಲ್ಲಿ ಅಥವಾ ನೇರವಾಗಿ ಬ್ಯಾಂಕಿನಲ್ಲಿ ಮಾಡುವುದು ಕ್ಷೇಮ.

ಮಾಡಬಾರದ ಕೆಲಸಗಳು

ಭದ್ರತೆಯ ಎಚ್ಚರಿಕೆ ಬಂದಾಗ, ಆದರೂ ಮುಂದುವರಿಯಿರಿ ಎಂಬ ಗುಂಡಿಯನ್ನು ಬ್ಯಾಂಕ್ ಅಥವಾ ಸರ್ಕಾರಿ ತಾಣಗಳಲ್ಲಿ ಒತ್ತಬಾರದು. ಬ್ರೌಸರ್ ಹಳತಾಗಿದೆ, ಇಲ್ಲಿ ಒತ್ತಿ ಎಂದು ಯಾವುದೋ ಪುಟದ ನಡುವೆ ಹಾರಿ ಬರುವ ಜಾಹೀರಾತನ್ನು ನಂಬಬಾರದು. ವಾಟ್ಸಾಪಿನಲ್ಲಿ ಸರ್ಕಾರಿ ಯೋಜನೆಯ ಹೆಸರಿನಿಂದ ಬರುವ ಎ.ಪಿ.ಕೆ. ಕಡತಗಳನ್ನು ಹಾಕಿಕೊಳ್ಳಬಾರದು. ಕಂಪ್ಯೂಟರ್ ಕಂಪನಿಯಿಂದ ಕರೆ ಮಾಡುತ್ತಿದ್ದೇವೆ ಎಂದು ಹೇಳುವವರಿಗೆ ಯಂತ್ರದ ಹತೋಟಿ ಕೊಡಬಾರದು. ಖಾತೆಯಿಂದ ಹಣ ಹೋದದ್ದು ಗೊತ್ತಾದೊಡನೆ ತಡಮಾಡದೆ 1930ಕ್ಕೆ ದೂರವಾಣಿ ಮಾಡಿ ದೂರು ನೀಡಿ, ಬ್ಯಾಂಕಿಗೂ ತಿಳಿಸಬೇಕು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಬಿತ್ತನೆ ಬೀಜದ ಚೀಲದ ಮೇಲೆ ಅವಧಿ ನೋಡುವ ರೈತರು ಫೋನ್ ಮತ್ತು ಕಂಪ್ಯೂಟರಿಗೂ ಅದೇ ಎಚ್ಚರ ವಹಿಸಬೇಕು. ಹೊಸ ಫೋನು ಕೊಳ್ಳುವಾಗ ಎಷ್ಟು ವರ್ಷ ಭದ್ರತಾ ತಿದ್ದುಪಡಿ ಬರುತ್ತದೆ ಎಂದು ವಿಚಾರಿಸಬೇಕು. ಕೆಲವು ಮಾದರಿಗಳಿಗೆ ತಯಾರಕರು 7 ವರ್ಷಗಳ ಭರವಸೆ ನೀಡಿದ್ದಾರೆ. ಬಳಸಿದ ಕಂಪ್ಯೂಟರ್ ಕೊಳ್ಳುವಾಗ ಅದು ವಿಂಡೋಸ್ 11ಕ್ಕೆ ಅರ್ಹವೇ ಎಂದು ನೋಡಬೇಕು. ಇದಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಭಾಗ, ಕನಿಷ್ಠ 4 ಜಿ.ಬಿ. ರ‍್ಯಾಮ್ ಮತ್ತು 64 ಜಿ.ಬಿ. ಸಂಗ್ರಹ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೆಯ ಪೀಳಿಗೆ ಅಥವಾ ನಂತರದ್ದಾಗಿರಬೇಕು. ಕಡಿಮೆ ಬೆಲೆಗೆ ಸಿಗುವ 6 ಮತ್ತು 7ನೆಯ ಪೀಳಿಗೆಯ ಯಂತ್ರಗಳನ್ನು ಲಿನಕ್ಸ್ ಹಾಕುವ ಉದ್ದೇಶವಿದ್ದರೆ ಮಾತ್ರ ಕೊಳ್ಳುವುದು ಯುಕ್ತ.

ಸಾರಾಂಶ

ಬ್ರೌಸರಿನ ಬೆಂಬಲ ನಿಂತ ಮಾತ್ರಕ್ಕೆ ಯಂತ್ರದ ಆಯುಸ್ಸು ಮುಗಿಯಲಿಲ್ಲ. ಅದಕ್ಕೆ ಹಣ ಮತ್ತು ಪಾಸ್‌ವರ್ಡ್ ಒಪ್ಪಿಸುವ ಕಾಲ ಮಾತ್ರ ಮುಗಿಯಿತು. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು ಬಿಡುವಿದ್ದಾಗ, ಮನೆಯ ಮತ್ತು ಸಂಘದ ಯಂತ್ರಗಳ ಆವೃತ್ತಿ ಹಾಗೂ ಬೆಂಬಲದ ಕೊನೆಯ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮೊದಲ ಗಂಟೆಯೇ ಕೇಳಿಸುತ್ತದೆ. ವಿಸ್ತರಣಾ ಕಾರ್ಯಕರ್ತರು ಗ್ರಾಮ ಸಭೆಗಳಲ್ಲಿ ಬೀಜ, ಗೊಬ್ಬರಗಳ ವಿಷಯದ ಜೊತೆಗೆ ಈ ಮಾಹಿತಿಯನ್ನೂ ತಿಳಿಸಿದರೆ ರೈತರಿಗೆ ಉಪಯೋಗವಾಗುವುದು.