ಬೀಜ ಕೊಟ್ಟೆವು, ಗುಣ ಬರೆಸಲಿಲ್ಲ

ವರದಾ ಹೊಳೆ ಬದಿಯಲ್ಲಿ ನಮ್ಮದು 30 ಗುಂಟೆ ತಗ್ಗಿನ ಗದ್ದೆ. ಮಳೆಗಾಲದಲ್ಲಿ ಒಂದು ಸಲವಾದರೂ ಹೊಳೆ ಗದ್ದೆಗೆ ಏರದೆ ಇರುವುದಿಲ್ಲ. ಅಪ್ಪನ ಕಾಲದಲ್ಲಿ ಅಲ್ಲಿ ನೆರೆಗುಳಿ ಭತ್ತ ಬಿಟ್ಟು ಬೇರೆ ಬಿತ್ತಿದ್ದೇ ಇಲ್ಲ. ಸೊರಬ, ಸಾಗರ, ಬನವಾಸಿ ಕಡೆಯವರಿಗೆ ಈ ಹೆಸರು ಹೊಸತಲ್ಲ. ನೆರೆಗುಳಿ, ಎಡಿಕುಣಿ, ಕರಿಜಡ್ಡು ಇವೆಲ್ಲ ನೆರೆ ತಡೆಯುವ ಭತ್ತಗಳೆಂದೇ ಹೆಸರಾದವು.

ಇಳುವರಿ ಕಡಿಮೆ, ಗಾಳಿಗೆ ಮಲಗುತ್ತದೆ ಅಂತ ಅದನ್ನು ಬಿಟ್ಟವನು ನಾನೇ. ಒಂದು ವರ್ಷ ಬಿಟ್ಟೆ, ಎರಡು ವರ್ಷ ಬಿಟ್ಟೆ, ಮೂರನೇ ವರ್ಷ ನೋಡಿದರೆ ಮೂಟೆಯಲ್ಲಿ ಉಳಿದದ್ದು ಹುಳ ತಿಂದ ಹೊಟ್ಟು. ಆಗ ಅದೊಂದು ನಷ್ಟ ಅಂತ ಅನಿಸಿರಲಿಲ್ಲ.

ಅದಕ್ಕೂ ಕೆಲವು ವರ್ಷ ಮೊದಲು, ಒಂದು ಸುಗ್ಗಿಯಲ್ಲಿ, ನಾಡತಳಿ ಸಂಗ್ರಹಿಸುವ ತಂಡವೊಂದು ನಮ್ಮ ಕಣಕ್ಕೆ ಬಂದಿತ್ತು. ಅಪ್ಪ ಸಂತೋಷದಿಂದ ಒಂದು ಸೇರು ಭತ್ತ ಕೊಟ್ಟರು. ಬಂದವರು ತಳಿಯ ಹೆಸರು, ಊರು, ಜಿಲ್ಲೆ ಕೇಳಿದರು. ಬಟ್ಟೆ ಚೀಲದ ಮೇಲೆ ಬರೆದುಕೊಂಡರು. ಕಾಫಿ ಕುಡಿದು ಹೊರಟರು. ನೀರಿನಲ್ಲಿ ಎಷ್ಟು ದಿನ ತಾಳುತ್ತದೆ ಅಂತ ಅವರು ಕೇಳಲಿಲ್ಲ. ನಾವೂ ಹೇಳಲಿಲ್ಲ.

2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಹೊಡೆದದ್ದು ನಿಮಗೂ ನೆನಪಿರಬಹುದು. ನಮ್ಮ ಗದ್ದೆಯ ಮೇಲೆ ಹೊಳೆ 9 ದಿನ ನಿಂತಿತು. ನೀರಿಳಿದಾಗ ಕೆಸರು ಮತ್ತು ಕೊಳೆತ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಗದ್ದೆ ಅಂಚಿನಲ್ಲಿ ನಿಂತ ಪಕ್ಕದ ಮನೆಯ ಅಣ್ಣಪ್ಪಣ್ಣ, "ನಿಮ್ಮ ಅಪ್ಪಯ್ಯನ ನೆರೆಗುಳಿ ಇದ್ದಿದ್ರೆ ಹೀಗೆ ಆಗ್ತಿರಲಿಲ್ಲ ಮಾರಾಯ" ಅಂದ. ನನಗೆ ಮಾತು ಹೊರಡಲಿಲ್ಲ.

ಹುಡುಕಾಟ

ಮಗಳು ಕೃಷಿ ಪದವಿ ಓದಿದವಳು. "ಅಪ್ಪಾ, ಅಂದು ಕೊಟ್ಟ ಬೀಜ ಎಲ್ಲೋ ಇರಲೇಬೇಕು. ಕಂಪ್ಯೂಟರಿನಲ್ಲಿ ಪಟ್ಟಿ ಇರುತ್ತೆ, ಹುಡುಕೋಣ" ಅಂದಳು. ಅಪ್ಪ-ಮಗಳು ಒಂದು ಸಂಜೆ ಕೂತೆವು. ಇಂಗ್ಲಿಷ್ ಅಕ್ಷರದಲ್ಲಿ ನೆರೆಗುಳಿ ಅಂತ ಟೈಪ್ ಮಾಡಿದರೆ ಏನೂ ಬರಲಿಲ್ಲ. "ನೆರಗೂಳಿ" ಅಂತ ಬದಲಿಸಿದೆವು. "ನೆರಿಗುಲಿ" ಅಂತಲೂ ನೋಡಿದೆವು. ನಾಲ್ಕನೆಯದೋ ಐದನೆಯದೋ ಕಾಗುಣಿತಕ್ಕೆ ಒಂದು ಸಾಲು ಸಿಕ್ಕಿತು. ಜಿಲ್ಲೆ ಶಿವಮೊಗ್ಗ, ಊರು ಹೊಸೂರು. ಕರ್ನಾಟಕದಲ್ಲಿ ಹೊಸೂರುಗಳಿಗೆ ಲೆಕ್ಕವಿಲ್ಲ. ತಾಲೂಕಿನ ಜಾಗ ಖಾಲಿ. ನೆರೆ ತಡೆಯುವ ಗುಣದ ಅಂಕಣವೂ ಖಾಲಿ.

ಅದು ನಮ್ಮದೇ ಬೀಜವೋ, ಬೇರೆ ಹೊಸೂರಿನದೋ? ಇಂದಿಗೂ ಹೇಳಲಾರೆ. ನಮ್ಮದೇ ಆಗಿದ್ದರೂ ನೆರೆ ತಡೆಯುವ ಭತ್ತ ಬೇಕು ಅಂತ ಹುಡುಕುವ ವಿಜ್ಞಾನಿಯ ಕಣ್ಣಿಗೆ ಅದು ಬೀಳುವುದೇ ಇಲ್ಲ. ಬೀಜ ಕೋಣೆಯೊಳಗೆ ಬದುಕಿದೆ, ಗುಣ ಮಾತ್ರ ಕಳೆದುಹೋಗಿದೆ.

ಡೇಟಾಬೇಸ್ ಅಂದರೆ ಏನು?

ಹೆಸರು ಕೇಳಿ ಹೆದರಬೇಕಾದ್ದಿಲ್ಲ. ಶಾಲೆಯ ಹಾಜರಿ ಪುಸ್ತಕ ಇದ್ದ ಹಾಗೆ. ಪ್ರತಿ ತಳಿಗೂ ಒಂದು ಸಾಲು, ಪ್ರತಿ ಗುಣಕ್ಕೂ ಒಂದು ಅಂಕಣ. ಪುಸ್ತಕದಲ್ಲಿ ಹುಡುಕಲು ಹಾಳೆ ತಿರುವಬೇಕು. ಕಂಪ್ಯೂಟರಿನಲ್ಲಾದರೆ "120 ದಿನದೊಳಗೆ ಬರುವ, ಕೆಂಪಕ್ಕಿಯ, ಉಪ್ಪುನೀರು ತಡೆಯುವ ಭತ್ತ ಯಾವುದು?" ಎಂದು ಕೇಳಿದರೆ ಕ್ಷಣದಲ್ಲಿ ಪಟ್ಟಿ ಎದುರಿಗಿರುತ್ತದೆ. ಆದರೆ ಕುಮಟಾದ ಗಜನಿಯ ಕಗ್ಗ ಆ ಪಟ್ಟಿಗೆ ಬರಬೇಕಾದರೆ ಅದು ಉಪ್ಪುನೀರು ತಡೆಯುತ್ತದೆ ಅಂತ ಯಾರೋ ಒಬ್ಬರು ಮೊದಲೇ ಬರೆದಿರಬೇಕು. ಬರೆಯದ್ದನ್ನು ಯಂತ್ರ ಹುಡುಕಿ ಕೊಡಲಾರದು.

ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದ ಜೀನ್ ಬ್ಯಾಂಕಿನಲ್ಲಿ ಎಲ್ಲ ಬೆಳೆ ಸೇರಿ 4 ಲಕ್ಷಕ್ಕೂ ಮಿಕ್ಕಿ ಮಾದರಿಗಳಿವೆ. ಚೆನ್ನಾಗಿ ಒಣಗಿಸಿದ ಬೀಜವನ್ನು ಗಾಳಿಯಾಡದ ಪೊಟ್ಟಣದಲ್ಲಿ ಹಾಕಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡುತ್ತಾರೆ. ನಮ್ಮ ದೇಶದಲ್ಲಿ ಸಂಗ್ರಹಿಸಿದ ಮಾದರಿಗೆ ಐಸಿ ಎಂಬ ಅಕ್ಷರದೊಡನೆ ಒಂದು ಸಂಖ್ಯೆ, ಹೊರದೇಶದಿಂದ ಬಂದದ್ದಕ್ಕೆ ಇಸಿ ಸಂಖ್ಯೆ. ಇವುಗಳ ಮಾಹಿತಿ ಅವರ ಪಿಜಿಆರ್ ಪೋರ್ಟಲ್ ಎಂಬ ತಾಣದಲ್ಲಿದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಭತ್ತವೊಂದರದ್ದೇ 1,30,000ಕ್ಕೂ ಹೆಚ್ಚು ಮಾದರಿಗಳಿವೆ.

ಇಂಥ ದಾಖಲೆಯಲ್ಲಿ ಮುಖ್ಯವಾಗಿ ನಾಲ್ಕು ಭಾಗ:

1. ಜಾತಕ: ಹೆಸರು, ಎಲ್ಲಿ, ಯಾವಾಗ, ಎಂಥ ಜಾಗದಿಂದ ತಂದದ್ದು. ಇದನ್ನು ಅವರು 'ಪಾಸ್‌ಪೋರ್ಟ್' ಮಾಹಿತಿ ಅನ್ನುತ್ತಾರೆ.
2. ರೂಪ: ಗಿಡದ ಎತ್ತರ, ಎಲೆ-ಕಾಂಡದ ಬಣ್ಣ, ಕಾಳಿನ ಉದ್ದ, ಮೀಸೆ ಇದೆಯೇ ಇಲ್ಲವೇ. ಊರು ಬದಲಾದರೂ ಹೆಚ್ಚು ಬದಲಾಗದ ಲಕ್ಷಣಗಳು ಇಲ್ಲಿ ಮುಖ್ಯ.
3. ಗುಣ: ಇಳುವರಿ, ರೋಗ, ಬರ, ನೆರೆ, ಉಪ್ಪು. ಇವು ಜಾಗ ಮತ್ತು ವರ್ಷಕ್ಕೆ ತಕ್ಕ ಹಾಗೆ ಬದಲಾಗುತ್ತವೆ. ಹಾಗಾಗಿ ಎಲ್ಲಿ, ಯಾವ ವರ್ಷ ನೋಡಿದ್ದು ಅನ್ನುವುದೂ ಬೇಕು.
4. ದಾಸ್ತಾನು: ಎಷ್ಟು ಬೀಜ ಉಳಿದಿದೆ, ಮೊಳಕೆ ಶೇಕಡಾ ಎಷ್ಟು, ಮತ್ತೆ ಯಾವಾಗ ಬೆಳೆಸಬೇಕು.

ಎರಡನೆಯದನ್ನು ಕೇಂದ್ರದವರು ತಮ್ಮ ಗದ್ದೆಯಲ್ಲೇ ಬೆಳೆದು ನೋಡಿಕೊಳ್ಳಬಹುದು. ನಾಲ್ಕನೆಯದು ಅವರದೇ ಕೆಲಸ. ಒಂದನೆಯದು ಪೂರ್ತಿ ನಮ್ಮ ಬಾಯಿಂದಲೇ ಹೋಗಬೇಕು. ಮೂರನೆಯದರಲ್ಲೂ ಮೊದಲ ಸುಳಿವು ನಮ್ಮದೇ.

ಒಡಿಶಾದ ಒಂದು ಭತ್ತ

ಗುಣ ಬರೆದಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ಒಡಿಶಾದಲ್ಲಿ ಧಲಪುಟಿಯಾ ಎಂಬ ನಾಡಭತ್ತ ಇತ್ತು. ಅದರಿಂದ ಆರಿಸಿದ ಶುದ್ಧ ಸಾಲಿಗೆ ಎಫ್‌ಆರ್ 13ಎ ಎಂದು ಹೆಸರಿಟ್ಟರು. ಎಫ್‌ಆರ್ ಅಂದರೆ ಇಂಗ್ಲಿಷಿನಲ್ಲಿ ನೆರೆ ತಡೆಯುವಂಥದ್ದು ಎಂಬುದರ ಗಿಡ್ಡ ರೂಪ. ಅಂದರೆ ಬೀಜ ಎಲ್ಲಿಗೆ ಹೋದರೂ ಗುಣ ಅದರ ಬೆನ್ನಿಗೇ ಅಂಟಿಕೊಂಡು ಹೋಯಿತು. 1970ರ ದಶಕದಲ್ಲಿ ಫಿಲಿಪ್ಪೀನ್ಸಿನಲ್ಲಿ ತಳಿಗಳನ್ನು ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿದಾಗ ಚೆನ್ನಾಗಿ ತಾಳಿದವುಗಳಲ್ಲಿ ಅದೂ ಒಂದು. 1996ರಲ್ಲಿ ಆ ಗುಣ 9ನೇ ವರ್ಣತಂತುವಿನಲ್ಲಿದೆ ಎಂದು ಗುರುತಿಸಿದರು. 2006ರಲ್ಲಿ ಸಬ್1ಎ ಎಂಬ ಜೀನೇ ಅದಕ್ಕೆ ಕಾರಣ ಎಂದು ಪ್ರಕಟಿಸಿದರು. ಆಂಧ್ರದ ಜನಪ್ರಿಯ ಸ್ವರ್ಣ ಭತ್ತಕ್ಕೆ ಅದನ್ನು ಸಂಕರ ಮಾಡಿ ಸೇರಿಸಿದ್ದೇ ಸ್ವರ್ಣ-ಸಬ್1. 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಪೂರ್ತಿ ಮುಳುಗಿದರೂ ಸುಮಾರು ಎರಡು ವಾರ ತಾಳಬಲ್ಲದು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸಬ್1ಎ ಇರುವ ಭತ್ತ ಮುಳುಗಿದಾಗ ಬೆಳವಣಿಗೆ ನಿಲ್ಲಿಸಿ, ಒಳಗಿನ ಶಕ್ತಿ ಉಳಿಸಿಕೊಂಡು ಸುಮ್ಮನಿರುತ್ತದೆ. ನೀರಿಳಿದ ಮೇಲೆ ಚಿಗುರುತ್ತದೆ. ಬಂಗಾಳದ ಕಡೆಯ ಆಳನೀರಿನ ಭತ್ತಗಳದ್ದು ಇನ್ನೊಂದೇ ದಾರಿ. ನೀರು ಏರಿದ ಹಾಗೆ ತಾವೂ ಉದ್ದವಾಗಿ ತಲೆ ಮೇಲಿಡುತ್ತವೆ. ನಾಲ್ಕು ದಿನದಲ್ಲಿ ಇಳಿಯುವ ನೆರೆಗೆ ಮೊದಲನೆಯದು ಬೇಕು. ತಿಂಗಳುಗಟ್ಟಲೆ ನಿಲ್ಲುವ ನೀರಿಗೆ ಎರಡನೆಯದು. 'ನೆರೆ ತಡೆಯುತ್ತದೆ' ಅಂತ ಒಂದೇ ಮಾತು ಬರೆದರೆ ಎರಡೂ ಒಂದೇ ಗುಂಪಿಗೆ ಬೀಳುತ್ತವೆ. ಎಷ್ಟು ದಿನದ ಸಸಿ, ಎಷ್ಟು ದಿನ ಮುಳುಗಿತ್ತು, ಉದ್ದವಾಯಿತೋ ಸುಮ್ಮನಿತ್ತೋ, ಎಷ್ಟು ಬುಡ ಉಳಿಯಿತು? ಇಷ್ಟು ಬರೆದರೆ ಅದು ತಳಿ ಅಭಿವೃದ್ಧಿ ಮಾಡುವವರಿಗೆ ಉಪಯೋಗ.

ಲಕ್ಷ ಮಾದರಿಗಳನ್ನು ಪ್ರತಿಸಲ ಬಿತ್ತಿ ನೋಡಲು ಯಾರಿಂದಲೂ ಆಗದು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯವರು ದಾಖಲೆಗಳನ್ನು ಜಾಲಾಡಿ ಕಡಲೆಯ 16,991 ಮಾದರಿಗಳಿಂದ 1,956ನ್ನು ಆರಿಸಿದರು. ಅದನ್ನೂ ಸೋಸಿ 2001ರಲ್ಲಿ 211ಕ್ಕೆ ಇಳಿಸಿದರು. ಈ 211ರಲ್ಲೇ ಬಹುಪಾಲು ವೈವಿಧ್ಯ ಸಿಗುವ ಹಾಗೆ ಆರಿಸಿದ್ದು. ಜರಡಿ ಒಳ್ಳೆಯದೇ. ಆದರೆ ಅಂಕಣ ಖಾಲಿ ಇದ್ದ ತಳಿ ಇಂಥ ಜರಡಿಯಲ್ಲಿ ಉಳಿಯುತ್ತದೋ ಜಾರುತ್ತದೋ ಅನ್ನುವುದು ಅದೃಷ್ಟಕ್ಕೆ ಬಿಟ್ಟದ್ದು.

ದೊಡ್ಡಮ್ಮನ ನಾಲ್ಕು ಸೇರು

ಕೊನೆಗೆ ಬೀಜ ಸಿಕ್ಕಿದ್ದು ಹೊಳೆಯ ಕೆಳದಂಡೆಯ ಊರಿನಲ್ಲಿ, ಅಮ್ಮನ ತವರಿನ ದೊಡ್ಡಮ್ಮನ ಮನೆಯಲ್ಲಿ. ಅವಲಕ್ಕಿಗೆ ಒಳ್ಳೆಯದು ಅಂತ ಅವರು ಐದು ಗುಂಟೆಯಲ್ಲಿ ಉಳಿಸಿಕೊಂಡಿದ್ದರು. ನಾಲ್ಕು ಸೇರು ಅಳೆದು ಕೊಡುತ್ತಾ, "ತಮಾ, ಹೊಡೆ ಬರೋಕೆ ಮುಂಚೆ ಮುಳುಗಿದ್ರೆ ಇದು ಏಳ್ತದೆ. ಹೊಡೆ ಬಂದ ಮೇಲೆ ಮುಳುಗಿದ್ರೆ ಇದನ್ನೂ ನಂಬಬೇಡ" ಅಂದರು. ಖಾಲಿ ಇದ್ದ ಅಂಕಣಕ್ಕೆ ಬರೆಯಬೇಕಾದ ಮಾತು ಅದೇ. ಮಗಳು ಅಲ್ಲೇ ಕೂತು ಬರೆದುಕೊಂಡಳು.

ಮೊದಲ ವರ್ಷ 100 ಕಾಳನ್ನು ಒದ್ದೆ ಬಟ್ಟೆಯಲ್ಲಿಟ್ಟು ನೋಡಿದರೆ ಮೊಳೆತದ್ದು 71. ಬೆರಕೆಯೂ ಇತ್ತು. ಬೇರೆ ಬಣ್ಣದ, ಬೇಗ ತೆನೆ ಬಂದ ಗಿಡಗಳನ್ನು ಕಿತ್ತೆ. ಮುಂದಿನ ಬೀಜದಲ್ಲಿ 94 ಮೊಳೆಯಿತು. 2021ರ ಜುಲೈನಲ್ಲಿ ಹೊಳೆ ಬಂದಾಗ ಪೈರಿಗೆ 56 ದಿನ. 6 ದಿನ ಪೂರ್ತಿ ಮುಳುಗಿತು. ಗೂಟ ನೆಟ್ಟು ಗುರುತು ಮಾಡಿದ್ದ 100 ಬುಡಗಳಲ್ಲಿ 83 ಮತ್ತೆ ಎದ್ದವು. ಪಕ್ಕದ ಮಡಿಯಲ್ಲಿದ್ದ ಅಧಿಕ ಇಳುವರಿ ತಳಿಯಲ್ಲಿ ಉಳಿದದ್ದು 22. ಒಂದು ಗದ್ದೆಯ ಒಂದು ವರ್ಷದ ಲೆಕ್ಕ ಇದು. ಇದನ್ನೇ ಕೊನೆಯ ಮಾತು ಅನ್ನಲಾರೆ. ಆದರೆ 'ಚೆನ್ನಾಗಿ ತಡೆಯುತ್ತದೆ' ಅನ್ನುವುದಕ್ಕಿಂತ ಈ ಎರಡು ಅಂಕಿ ಹೆಚ್ಚು ಹೇಳುತ್ತವೆ.

ನೀವೂ ಮಾಡಬಹುದು

ನಾನು ಸುರು ಮಾಡಿದ್ದು ಒಂದು ನೋಟು ಪುಸ್ತಕದಲ್ಲಿ. ಈಗ ಅದನ್ನೇ ಮಗಳು ಕಂಪ್ಯೂಟರಿಗೆ ಏರಿಸುತ್ತಾಳೆ. ಅನುಭವದಿಂದ ಕಲಿತ ಕೆಲವು ಸಂಗತಿ:

- ಪ್ರತಿ ತಳಿಗೂ ಒಂದು ಸಂಖ್ಯೆ ಕೊಡಿ. ಬೀಜದ ಚೀಲದ ಒಳಗೊಂದು ಹೊರಗೊಂದು ಚೀಟಿ ಇರಲಿ. ಹೊರಗಿನದನ್ನು ಇಲಿ ತಿನ್ನುತ್ತದೆ.
- ಹೆಸರನ್ನು ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ ಬರೆಯಬೇಕಾದರೆ ಕಾಗುಣಿತ ಒಂದೇ ಇರಲಿ. ಬೇರೆ ಊರಿನಲ್ಲಿ ಕರೆಯುವ ಹೆಸರಿದ್ದರೆ ಅದನ್ನೂ ಸೇರಿಸಿ. ಒಂದೇ ಹೆಸರಿನ ಎರಡು ಭತ್ತ, ಒಂದೇ ಭತ್ತಕ್ಕೆ ಎರಡು ಹೆಸರು ಎರಡೂ ಉಂಟು.
- ಊರು, ತಾಲೂಕಿನ ಜತೆ ಅಕ್ಷಾಂಶ-ರೇಖಾಂಶ ಬರೆಯಿರಿ. ಮೊಬೈಲಿನ ನಕ್ಷೆಯಲ್ಲಿ ಸಿಗುತ್ತದೆ. ಹೊಸೂರು ಸಾವಿರ ಇರಬಹುದು, ಆ ಅಂಕಿ ಒಂದೇ ಜಾಗದ್ದು. ಹೊಳೆ ಬದಿಯ ತಳಿಗಳನ್ನೇ ಮೊದಲು ಪರೀಕ್ಷಿಸೋಣ ಎನ್ನುವ ಸಂಶೋಧಕರಿಗೂ ಇದೇ ದಾರಿದೀಪ.
- ಬೀಜ ಯಾರಿಂದ ಬಂತು, ಅವರು ಏನು ಹೇಳಿದರು ಅನ್ನುವುದನ್ನು ಅವರ ಮಾತಿನಲ್ಲೇ ಬರೆಯಿರಿ. ನೀವು ಕಂಡದ್ದನ್ನು ಬೇರೆ ಅಂಕಣದಲ್ಲಿ ಹಾಕಿ.
- ಎಣಿಸಲು ಆಗುವುದನ್ನು ಎಣಿಸಿ. ಗೊತ್ತಿಲ್ಲದ ಕಡೆ 'ನೋಡಿಲ್ಲ' ಎಂದು ಬರೆಯಿರಿ. ಖಾಲಿ ಬಿಟ್ಟರೆ ಗುಣ ಇಲ್ಲವೋ ನೋಡಿಲ್ಲವೋ ತಿಳಿಯದು.
- ವರ್ಷಕ್ಕೊಮ್ಮೆ 100 ಕಾಳಿನ ಮೊಳಕೆ ಪರೀಕ್ಷೆ ಮಾಡಿ. ಪಟ್ಟಿಯ ಎರಡು ಪ್ರತಿ ಬೇರೆ ಬೇರೆ ಮನೆಯಲ್ಲಿರಲಿ, ಬೀಜವೂ ಹಾಗೆಯೇ.

ಜೀನ್ ಬ್ಯಾಂಕಿನ ಬೀಜ ಮುಖ್ಯವಾಗಿ ಸಂಶೋಧನೆಗೆ, ಅದೂ ಒಂದು ಹಿಡಿಯಷ್ಟು. ನಾಳೆ ಬಿತ್ತಲು ಮೂಟೆ ಬೇಕಾದರೆ ನಮ್ಮ ನಮ್ಮಲ್ಲೇ ಇರಬೇಕು. ಎರಡು ಕಡೆಯೂ ಇರಲಿ.

ಇನ್ನು ಹಕ್ಕಿನ ಮಾತು. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ 2001ರ ಪ್ರಕಾರ ರೈತರು ತಮ್ಮ ತಳಿಯನ್ನು ನೋಂದಾಯಿಸಬಹುದು. ಬೀಜ ಉಳಿಸಿ, ಬಿತ್ತಿ, ಹಂಚಿ, ಬ್ರಾಂಡ್ ಹೆಸರು ಹಾಕದೆ ಮಾರುವ ಹಕ್ಕೂ ಇದೆ. 2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯತಿಯ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ನಿಮ್ಮ ತಳಿ ಅದರಲ್ಲಿ ಇದೆಯೇ ಕೇಳಿ ನೋಡಿ. ಯಾರಾದರೂ ಸಂಗ್ರಹಕ್ಕೆ ಬಂದರೆ ಬೀಜದ ಜತೆ ನಿಮ್ಮ ಪುಸ್ತಕದ ಒಂದು ಪ್ರತಿ ಕೊಡಿ. ಯಾವ ಸಂಖ್ಯೆಯಲ್ಲಿ ಸೇರಿಸಿದಿರಿ ತಿಳಿಸಿ ಅಂತ ಬರೆಸಿಕೊಳ್ಳಿ.

ಅಪ್ಪ ಒಂದು ಸೇರು ಭತ್ತ ಕೊಟ್ಟ ದಿನ ನಾನು ಕಣದಲ್ಲೇ ಇದ್ದೆ. ಎರಡು ಮಾತು ಸೇರಿಸಿ ಹೇಳಲು ನನಗೆ ತೋಚಲಿಲ್ಲ. ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದರೆ ಈ ಸಂಜೆಯೇ ಪುಸ್ತಕ ಹಿಡಿದು ಅವರ ಪಕ್ಕ ಕೂತುಕೊಳ್ಳಿ.