ಸೆರೆಯಲ್ಲಿ ಹೊರಬಿದ್ದ ಮಾತು

ಪ್ಯಾರಿಸ್ ನಗರವನ್ನು ಉಳಿಸಿದವನೆಂದು ಹೆಸರಾದ ಜರ್ಮನ್ ಪದಾತಿದಳದ ಜನರಲ್ ಡೀಟ್ರಿಖ್ ಫಾನ್ ಖೋಲ್ಟಿಟ್ಸ್‌ನ ಚರಿತ್ರೆ ವಿಚಾರಯೋಗ್ಯವಾದುದು. 1940ರಲ್ಲಿ ರಾಟರ್‌ಡ್ಯಾಮ್, 1942ರಲ್ಲಿ ಸೆವಾಸ್ಟೊಪೋಲ್ ಕಾಳಗಗಳಲ್ಲಿ ಹೋರಾಡಿದ ಆತನಿಗೆ 1944ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಸೇನಾಧಿಪತ್ಯ ದೊರೆಯಿತು. ನಗರವು ಶತ್ರುವಿನ ಕೈಸೇರುವುದಾದರೆ ಹಾಳಾಗಿಯೇ ಸೇರಲೆಂದು ಹಿಟ್ಲರನ ಆಜ್ಞೆ. ಖೋಲ್ಟಿಟ್ಸ್ ಅದನ್ನು ನೆರವೇರಿಸದೆ ಆಗಸ್ಟ್ 25ರಂದು ಶರಣಾದನು. ಅದು ವಿವೇಕದ ಫಲವೆಂದು ಕೆಲವರು, ಬಲ ಸಾಲದೆ ಹೋದುದರ ಫಲವೆಂದು ಕೆಲವರು ಹೇಳುವರು.

ಸೆರೆಯಾಳಾಗಿ ಇಂಗ್ಲೆಂಡಿನ ಟ್ರೆಂಟ್ ಪಾರ್ಕ್ ಭವನದಲ್ಲಿದ್ದಾಗ, ಅಲ್ಲಿ ಅಡಗಿಸಿದ್ದ ಧ್ವನಿಗ್ರಾಹಕಗಳನ್ನು ಆತನು ಅರಿಯನು. ಯೆಹೂದ್ಯರನ್ನು ಕೊಲ್ಲುವ ಆಜ್ಞೆಯನ್ನು ತಾನು ಪೂರ್ಣವಾಗಿ ನಡೆಸಿದೆನೆಂದು ಜೊತೆಯ ಸೆರೆಯಾಳಿನೊಡನೆ ಆಡಿದ ಮಾತು ದಾಖಲಾಯಿತು. ಅಮೆರಿಕದಲ್ಲಿಯೂ ಸೆರೆಯಲ್ಲಿದ್ದು, 1947ರಲ್ಲಿ ಬಿಡುಗಡೆ ಹೊಂದಿ, 1966ರಲ್ಲಿ ತೀರಿಕೊಂಡನು. ಒಂದು ಸತ್ಕಾರ್ಯದ ಹೆಸರಿನಲ್ಲಿ ಉಳಿದ ಪುಟಗಳನ್ನು ಮುಚ್ಚುವುದು ಚರಿತ್ರೆಗೆ ಸಲ್ಲದು.