ಮಕ್ಕಳು ಬೆಳೆಯುವ ಕ್ರಮ

ಹೊಲದಲ್ಲಿ ರಾಗಿ ಬೆಳೆಯುವವನಿಗೆ ಪೈರಿನ ಕಾಲಗಳು ಚೆನ್ನಾಗಿ ಗೊತ್ತುಂಟು. ಮೊಳಕೆಯ ಕಾಲದಲ್ಲಿ ತಪ್ಪಿದ ಮಳೆಯು ತೆನೆಯ ಕಾಲದಲ್ಲಿ ಸುರಿದರೆ ನಷ್ಟ ತುಂಬುವದಿಲ್ಲವೆಂದೂ, ಹಸುರು ತೆನೆಯನ್ನು ಕೊಯ್ದರೆ ಕಾಳು ಸಿಕ್ಕುವದಿಲ್ಲವೆಂದೂ ಅವನು ಬಲ್ಲನು. ಆದರೆ ತನ್ನ ಮನೆಯಲ್ಲಿ ಬೆಳೆಯುವ ಮಕ್ಕಳ ಕಾಲಗಳನ್ನು ಅಷ್ಟು ಚೆನ್ನಾಗಿ ಬಲ್ಲವರು ನಮ್ಮಲ್ಲಿ ಕೆಲವರೇ. ಇದರಿಂದ ಎರಡು ವಿಧವಾದ ಕೇಡು ಉಂಟಾಗುತ್ತದೆ. ಕೆಲವು ಮನೆಗಳಲ್ಲಿ ಮಗುವು ಬೆಳವಣಿಗೆಯಲ್ಲಿ ಹಿಂದೆ ಬಿದ್ದರೂ ಯಾರೂ ಗಮನಿಸುವದಿಲ್ಲ. ಇನ್ನು ಕೆಲವು ಮನೆಗಳಲ್ಲಿ, ಬೆಳೆಯುತ್ತಲಿರುವ ಮಗುವನ್ನು ಬೆಳೆದಾಯಿತೆಂದು ಎಣಿಸಿ ದೊಡ್ಡವರ ಭಾರವನ್ನು ಹೊರಿಸುತ್ತಾರೆ. ಆದಕಾರಣ ಶೈಶವದಿಂದ ಪ್ರಾಯದ ವರೆಗೆ ಮನುಷ್ಯನು ಬೆಳೆಯುವ ಕ್ರಮವನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಬೆಳವಣಿಗೆಯ ವೇಗ

ಫ್ರಾನ್ಸ್ ದೇಶದಲ್ಲಿ ಮೋಂಬೆಯಾರ್ ಎಂಬ ಗೃಹಸ್ಥನಿಗೆ ೧೭೫೯ನೆಯ ಇಸವಿಯಲ್ಲಿ ಒಬ್ಬ ಮಗನು ಹುಟ್ಟಿದನು. ತಂದೆಯು ಮಗನ ಎತ್ತರವನ್ನು ಸುಮಾರು ಆರು ತಿಂಗಳಿಗೊಮ್ಮೆ ಅಳೆದು, ೧೭೭೭ರ ವರೆಗೆ, ಅಂದರೆ ಹುಡುಗನಿಗೆ ೧೮ ವರುಷವಾಗುವ ತನಕ, ಬರೆದಿಟ್ಟನು. ಅವನ ಸ್ನೇಹಿತನಾದ ಬ್ಯುಫೋನ್ ಎಂಬ ಪ್ರಕೃತಿಶಾಸ್ತ್ರಜ್ಞನು ಆ ಲೆಕ್ಕವನ್ನು ತನ್ನ ಗ್ರಂಥದಲ್ಲಿ ಅಚ್ಚು ಹಾಕಿಸಿದನು. ಅದರಿಂದ ತಿಳಿದು ಬರುವದೇನಂದರೆ, ಮಗುವು ವರುಷ ವರುಷವೂ ಒಂದೇ ಸಮನಾಗಿ ಬೆಳೆಯುವದಿಲ್ಲ. ಮೊದಲನೆಯ ವರುಷದಲ್ಲಿ ಬಹು ವೇಗ, ಬರಬರುತ್ತಾ ನಿಧಾನ, ಪ್ರಾಯ ಬರುವಾಗ ಮತ್ತೊಮ್ಮೆ ವೇಗ, ಆ ಮೇಲೆ ನಿಲುಗಡೆ. ಎಲ್ಲಾ ದೇಶಗಳ ಮಕ್ಕಳಲ್ಲಿಯೂ ಈ ಕ್ರಮವೇ ಕಾಣುತ್ತದೆ. ವೇಗವಾಗಿ ಬೆಳೆಯುವ ಈ ಎರಡು ಕಾಲಗಳಲ್ಲಿಯೇ ತಂದೆತಾಯಿಗಳು ಹೆಚ್ಚಾಗಿ ಎಚ್ಚರವಾಗಿರತಕ್ಕದ್ದು.

೨. ಶೈಶವ

ಸುಮಾರು ೩ ಕಿಲೋಗ್ರಾಂ ತೂಕದಿಂದ ಹುಟ್ಟಿದ ಕೂಸು ಐದನೆಯ ತಿಂಗಳಿಗೆ ಅದರ ಎರಡರಷ್ಟೂ, ವರುಷ ತುಂಬುವಾಗ ಮೂರರಷ್ಟೂ ತೂಗುತ್ತದೆ. ಹುಟ್ಟುವಾಗ ೫೦ ಸೆಂಟಿಮೀಟರ್ ಉದ್ದವಿದ್ದದ್ದು ವರುಷಕ್ಕೆ ೭೫ ಆಗುತ್ತದೆ. ಹುಟ್ಟಿದಾಗ ದೊಡ್ಡವರ ಮಿದುಳಿನ ಕಾಲು ಭಾಗದಷ್ಟಿದ್ದ ಮಿದುಳು ಎರಡು ವರುಷದೊಳಗೆ ಮುಕ್ಕಾಲು ಭಾಗದಷ್ಟು ಬೆಳೆಯುತ್ತದೆ. ಇಷ್ಟು ದೊಡ್ಡ ಕೆಲಸಕ್ಕೆ ಆಹಾರವು ಕಡಿಮೆಯಾದರೆ, ಮುಂದೆ ಎಷ್ಟು ಉಣಿಸಿದರೂ ಆ ನಷ್ಟವನ್ನು ಪೂರ್ತಿಯಾಗಿ ತುಂಬುವದು ಕಷ್ಟ.

ಆದದರಿಂದ ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ನೀರನ್ನಾಗಲಿ ಜೇನನ್ನಾಗಲಿ ಕೊಡಕೂಡದು. ಆರು ತಿಂಗಳಾದ ಮೇಲೆ ಹಾಲನ್ನು ಬಿಡಿಸದೆ, ರಾಗಿಯ ಗಂಜಿ, ಮೆದುವಾಗಿ ಬೆಂದ ಅನ್ನ ಬೇಳೆ, ಸೊಪ್ಪು, ಮೊಟ್ಟೆ, ಹಣ್ಣು ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಸಾರಿ ಉಣಿಸಬೇಕು. ಎರಡು ವರುಷ ತುಂಬುವ ತನಕವೂ, ಅದರ ಮೇಲೆಯೂ, ತಾಯಿಯು ಹಾಲು ಕೊಡಬಹುದು.

ಮಗುವು ಕುಳ್ಳಾದರೆ, "ನಮ್ಮ ವಂಶವೇ ಹಾಗೆ" ಎಂದು ಅನೇಕರು ಹೇಳುತ್ತಾರೆ. ಲೋಕಾರೋಗ್ಯ ಸಂಸ್ಥೆಯು ೧೯೯೭ರಿಂದ ೨೦೦೩ರ ವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಓಮಾನ್, ಅಮೆರಿಕ ಈ ಆರು ದೇಶಗಳಲ್ಲಿ ಮಕ್ಕಳನ್ನು ಅಳೆದು ನೋಡಿತು. ತಕ್ಕ ಆಹಾರ ಆರೈಕೆಗಳನ್ನು ಹೊಂದಿದ ಮಕ್ಕಳು ಎಲ್ಲಿ ಹುಟ್ಟಿದರೂ ಐದು ವರುಷದ ವರೆಗೆ ಬಹಳ ಮಟ್ಟಿಗೆ ಒಂದೇ ರೀತಿಯಾಗಿ ಬೆಳೆಯುತ್ತಾರೆಂದು ಕಂಡು ಬಂತು. ಆದರೂ ೨೦೧೯–೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಐದು ವರುಷದೊಳಗಿನ ನೂರು ಮಕ್ಕಳಲ್ಲಿ ಸುಮಾರು ೩೫ ಮಂದಿ ತಮ್ಮ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಇದಕ್ಕೆ ವಂಶವನ್ನು ಮಾತ್ರ ಕಾರಣವೆಂದು ಹೇಳಿ ಸುಮ್ಮನಿರಬಹುದೋ?

ತೂಕವನ್ನು ಮನೆಯಲ್ಲಿ ಕಣ್ಣಳತೆಯಿಂದ ತಿಳಿಯಲಾಗದು. ೧೯೭೫ರಲ್ಲಿ ಸರಕಾರವು ಅಂಗನವಾಡಿಗಳ ಕೆಲಸವನ್ನು ಆರಂಭಿಸಿದಾಗ, ನಮ್ಮ ನಾಡಿನಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಅದು ಮೊದಲಾಯಿತು. ಈಗ ಹಳ್ಳಿಹಳ್ಳಿಗಳಲ್ಲಿ ಅಂಗನವಾಡಿ ಉಂಟು. ತಿಂಗಳಿಗೊಮ್ಮೆ ಮಗುವನ್ನು ಅಲ್ಲಿಗೆ ಒಯ್ದು ತೂಗಿಸಿ, ಬರೆದ ಗೆರೆಯು ಮೇಲಕ್ಕೆ ಏರುತ್ತದೋ ಎಂದು ನೋಡಬೇಕು. ಗೆರೆಯು ಅಡ್ಡವಾದರೆ ಅಥವಾ ಇಳಿದರೆ ಅದೇ ಮೊದಲನೆಯ ಎಚ್ಚರಿಕೆ.

೩. ನಡೆಯೂ ನುಡಿಯೂ

ನೆರೆಮನೆಯ ಮಗು ಹತ್ತು ತಿಂಗಳಿಗೆ ನಡೆಯಿತು, ನಮ್ಮದು ಇನ್ನೂ ನಡೆಯಲಿಲ್ಲವೆಂದು ಕೆಲವು ತಾಯಂದಿರು ಕಳವಳಪಡುತ್ತಾರೆ. ಮೇಲೆ ಹೇಳಿದ ಆರು ದೇಶಗಳ ಪರೀಕ್ಷೆಯಲ್ಲಿ, ಆರೋಗ್ಯವುಳ್ಳ ಮಕ್ಕಳು ೮ನೆಯ ತಿಂಗಳು ಮೊದಲುಗೊಂಡು ೧೮ನೆಯ ತಿಂಗಳೊಳಗೆ ಯಾವಾಗ ಬೇಕಾದರೂ ನಡೆಯಲಾರಂಭಿಸಿದರು. ಕೆಲವು ಮಕ್ಕಳು ಅಂಬೆಗಾಲಿಕ್ಕದೆಯೇ ನಡೆದರು. ಹೀಗಿರಲಾಗಿ, ಒಂದು ಮಗುವನ್ನು ಇನ್ನೊಂದು ಮಗುವಿನಿಂದ ಅಳೆಯುವದು ಸರಿಯಲ್ಲ.

ಆದರೂ ಎಲ್ಲದಕ್ಕೂ ಒಂದು ಮೇರೆಯುಂಟು. ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನು ವೈದ್ಯರಿಗೆ ತೋರಿಸಬೇಕು. ವರುಷ ತುಂಬುವದರೊಳಗೆ ತೊದಲದ ಕೂಸು, ಹೆಸರು ಹಿಡಿದು ಕರೆದರೆ ತಿರುಗಿ ನೋಡದ ಕೂಸು, ಎರಡು ವರುಷವಾದರೂ ಎರಡು ಮಾತುಗಳನ್ನು ಕೂಡಿಸಿ ಆಡದ ಮಗು, ಇವುಗಳ ಕಿವಿಯನ್ನು ಪರೀಕ್ಷಿಸುವದು ಅವಶ್ಯ. "ಇವನ ಸೋದರಮಾವನೂ ತಡವಾಗಿ ಮಾತಾಡಿದನು" ಎಂದು ಹೇಳಿ ವರುಷಗಳನ್ನು ಕಳೆಯಬಾರದು. ಯಾಕಂದರೆ ಕಿವಿ ಕೇಳದ ಮಗುವಿಗೆ ಮಾತು ಕಲಿಯುವ ಕಾಲವು ಸದ್ದಿಲ್ಲದೆ ದಾಟಿ ಹೋಗುತ್ತದೆ. ಇಂಥವರಿಗೋಸ್ಕರವೇ ಮೈಸೂರಿನಲ್ಲಿ ೧೯೬೫ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾಯಿತು.

೪. ಬಾಲ್ಯ

ಮೂರು ವರುಷದಿಂದ ಹತ್ತು ವರುಷದ ವರೆಗೆ ಬೆಳವಣಿಗೆಯು ನಿಧಾನ. ವರುಷಕ್ಕೆ ಐದಾರು ಸೆಂಟಿಮೀಟರ್ ಮಾತ್ರ. ಸುಮಾರು ಆರನೆಯ ವರುಷಕ್ಕೆ ಹಾಲುಹಲ್ಲು ಬೀಳಲಾರಂಭಿಸುತ್ತದೆ. ಆ ಹೊತ್ತಿಗೆ ಮಿದುಳಿನ ಗಾತ್ರವು ದೊಡ್ಡವರದಕ್ಕೆ ಬಹಳ ಸಮೀಪವಾಗಿರುತ್ತದೆ. ಶರೀರವು ನಿಧಾನಿಸಿದರೂ ಬುದ್ಧಿಯು ಓಡುವ ಕಾಲವಿದು. ಮಗುವು ಕೇಳುವ ನೂರು ಪ್ರಶ್ನೆಗಳಿಗೆ ಗದರಿಸದೆ ಉತ್ತರ ಕೊಡಬೇಕು. ಆಟವನ್ನು ಸೋಮಾರಿತನವೆಂದು ಎಣಿಸಬಾರದು; ಓಟ, ಎಣಿಕೆ, ಸರದಿ ಕಾಯುವದು, ಸೋಲನ್ನು ತಾಳುವದು, ಇವೆಲ್ಲವನ್ನೂ ಮಗುವು ಆಟದಲ್ಲಿಯೇ ಕಲಿಯುತ್ತದೆ. ಶಾಲೆಯನ್ನು ಬಿಡಿಸಿ ದನ ಕಾಯಲಿಕ್ಕೆ ಕಳುಹಿಸಿದರೆ ಒಂದು ಕೂಲಿ ಉಳಿದೀತು. ಕಲಿಯುವ ಪ್ರಾಯವು ತಿರುಗಿ ಬಾರದು.

೫. ಪ್ರಾಯ ಬರುವ ಕಾಲ

ಹುಡುಗಿಯರಲ್ಲಿ ೮ರಿಂದ ೧೩ ವರುಷದೊಳಗೂ, ಹುಡುಗರಲ್ಲಿ ೯ರಿಂದ ೧೪ ವರುಷದೊಳಗೂ ಪ್ರಾಯದ ಗುರುತುಗಳು ಆರಂಭವಾಗುತ್ತವೆ. ಹುಡುಗಿಯು ಸುಮಾರು ಹನ್ನೆರಡರಲ್ಲಿಯೂ ಹುಡುಗನು ಸುಮಾರು ಹದಿನಾಲ್ಕರಲ್ಲಿಯೂ ಬಹು ವೇಗವಾಗಿ ಎತ್ತರವಾಗುತ್ತಾರೆ. ಆದದರಿಂದ ಹನ್ನೆರಡು ವರುಷದ ಹುಡುಗನು ತನ್ನ ಓರಗೆಯ ಹುಡುಗಿಗಿಂತ ಗಿಡ್ಡನಾಗಿದ್ದರೆ ಅವನನ್ನು ಹಾಸ್ಯ ಮಾಡಬಾರದು. ಮೊದಲು ಕೈಕಾಲುಗಳು ಉದ್ದವಾಗಿ, ಆ ಮೇಲೆ ಮೈ ತುಂಬುತ್ತದೆ. ಅದರಿಂದಲೇ ಈ ಪ್ರಾಯದವರು ಎಡವುತ್ತಾ ತಡವುತ್ತಾ ಇರುತ್ತಾರೆ. ಮುಂದಾಲೋಚನೆಗೂ ಮನಸ್ಸನ್ನು ತಡೆದುಕೊಳ್ಳುವದಕ್ಕೂ ಬೇಕಾದ ಮಿದುಳಿನ ಭಾಗವಾದರೋ ಇಪ್ಪತ್ತು ವರುಷ ದಾಟಿದ ಮೇಲೆಯೂ ಬಲಿಯುತ್ತಲೇ ಇರುತ್ತದೆ. ಆದಕಾರಣ ಅವರ ಮುಂಗೋಪವನ್ನು ಕಂಡು ಹಿರಿಯರು ತಾವೂ ಕೋಪಿಸಿಕೊಳ್ಳದೆ, ತಾಳ್ಮೆಯಿಂದಲೂ ಸ್ಥಿರವಾಗಿಯೂ ನಡಿಸಬೇಕು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಮರೆಯಕೂಡದು. ಮೈನೆರೆದ ಹುಡುಗಿಯು ದೊಡ್ಡವಳಾದಳೆಂದು ನಾವು ಹೇಳುವದುಂಟು. ಆದರೆ ಅವಳ ಬೆಳವಣಿಗೆಯು ಇನ್ನೂ ಮುಗಿಯಲಿಲ್ಲ. ಎತ್ತರವು ಇನ್ನು ಕೆಲವು ಸೆಂಟಿಮೀಟರ್ ಏರಬೇಕು; ಎತ್ತರವು ನಿಂತ ಮೇಲೆಯೂ ಸೊಂಟದ ಎಲುಬುಗಳು ಕೆಲವು ಕಾಲ ಅಗಲವಾಗುತ್ತಾ ಇರುತ್ತವೆ. ಮೇಲಿನ ಸಮೀಕ್ಷೆಯ ಪ್ರಕಾರ ೧೫ರಿಂದ ೧೯ ವರುಷದ ನೂರು ಹುಡುಗಿಯರಲ್ಲಿ ಸುಮಾರು ೫೯ ಮಂದಿಗೆ ರಕ್ತಹೀನತೆ ಉಂಟು. ಇಂಥ ಹುಡುಗಿಯು ಗಂಡಸರೆಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವದು ನ್ಯಾಯವೋ? ಸೊಪ್ಪು, ಕಾಳು, ಮೊಟ್ಟೆ, ಮಾಂಸ ಇವುಗಳಲ್ಲಿ ಅವಳಿಗೂ ಸರಿಯಾದ ಪಾಲು ಸಿಕ್ಕಬೇಕು. ಮೈನೆರೆಯುವದಕ್ಕೆ ಮುಂಚೆಯೇ ತಾಯಿಯು ಅದರ ವಿಷಯವನ್ನು ಮಗಳಿಗೆ ಸಮಾಧಾನವಾಗಿ ತಿಳಿಸಿದರೆ ಅವಳು ಹೆದರುವದಿಲ್ಲ.

ಹುಡುಗಿಯ ಮದುವೆಯ ವಯಸ್ಸನ್ನು ೧೯೨೯ರ ಕಾನೂನು ೧೪ ಎಂದು ನೇಮಿಸಿತ್ತು. ೧೯೭೮ರ ತಿದ್ದುಪಡಿಯು ಅದನ್ನು ೧೮ಕ್ಕೆ ಏರಿಸಿತು. ೨೦೦೬ರ ಕಾನೂನು ಅದನ್ನೇ ಸ್ಥಿರಪಡಿಸಿತು. ಹುಡುಗನಿಗೆ ೨೧. ಆದಾಗ್ಯೂ ಅದೇ ಸಮೀಕ್ಷೆಯಲ್ಲಿ, ಕರ್ನಾಟಕದ ೨೦ರಿಂದ ೨೪ ವರುಷದ ನೂರು ಸ್ತ್ರೀಯರಲ್ಲಿ ಸುಮಾರು ೨೧ ಮಂದಿ ಹದಿನೆಂಟಕ್ಕೆ ಮುಂಚೆ ಮದುವೆಯಾದವರೆಂದು ತಿಳಿದು ಬಂತು. ತಾನೇ ಬೆಳೆಯುತ್ತಿರುವ ಹುಡುಗಿಯು ಗರ್ಭಿಣಿಯಾದರೆ ಒಂದೇ ಊಟಕ್ಕೆ ಇಬ್ಬರು ಪಾಲುಗಾರರಾಗುತ್ತಾರೆ. ಅವಳ ಕೂಸು ತೂಕ ಕಡಿಮೆಯಾಗಿ ಹುಟ್ಟುವ ಅಪಾಯವು ಹೆಚ್ಚು. ಆ ಕೂಸು ಮುಂದೆ ಕುಳ್ಳಾಗಿ ಬೆಳೆದರೆ ಜನರು ಪುನಃ ವಂಶವನ್ನೇ ದೂರುವರು. ಹೀಗೆ ಒಂದು ತಲೆಯ ಅವಸರದ ಸಾಲವನ್ನು ಮುಂದಿನ ತಲೆಯು ತೀರಿಸಬೇಕಾಗುತ್ತದೆ.

ಆದದರಿಂದ ತಂದೆತಾಯಿಗಳೇ, ಆಯಾ ಕಾಲಕ್ಕೆ ಬೇಕಾದದ್ದನ್ನು ಆಯಾ ಕಾಲದಲ್ಲಿ ಕೊಡಿರಿ: ಕೂಸಿಗೆ ಹಾಲನ್ನು, ಬಾಲಕನಿಗೆ ಆಟವನ್ನೂ ಪಾಠವನ್ನೂ, ಪ್ರಾಯಕ್ಕೆ ಬರುವವರಿಗೆ ಹೊಟ್ಟೆತುಂಬ ಊಟವನ್ನೂ ಸಾಕಷ್ಟು ಸಮಯವನ್ನೂ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಮನೆಯ ಚಿಕ್ಕ ಮಗುವನ್ನು ಕಡೆಯ ಸಾರಿ ತೂಗಿಸಿದ್ದು ಯಾವಾಗ?
೨. ನಮ್ಮ ಕೇರಿಯಲ್ಲಿ ಕರೆದರೆ ತಿರುಗಿ ನೋಡದ ಮಗು ಇರುವದೋ? ಅದರ ತಂದೆತಾಯಿಗಳಿಗೆ ನಾವು ಏನು ಹೇಳಿದ್ದೇವೆ?
೩. ನಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರು ಯಾರು?